ಓದುಗರ ಸ್ಪಂದನ: ನರ್ಸ್ ಆಗುವ ಮುನ್ನ ಯಾವ ಕೆಲಸ?

‘ಮುಂದೆ ನರ್ಸಿಂಗ್ ಓದಬೇಕು ಅಂತಿದ್ದೇನೆ. ಸದ್ಯಕ್ಕೆ ವಾರ್ಡ್ ಸಹಾಯಕಿ, ಲ್ಯಾಬಿಗೆ ರಕ್ತ ತೆಗೆಯುವ ಕೆಲಸ, ಆಸ್ಪತ್ರೆಯ ರಿಸೆಪ್ಷನ್ ಈ ಮೂರರಲ್ಲಿ ಒಂದಕ್ಕೆ ಸೇರಬಹುದು. ಯಾವುದು ಒಳ್ಳೆಯದು?’ ಎಂದು ಕೇಳಿದ್ದ ಓದುಗರಿಗೆ ಬಂದ ಉತ್ತರಗಳು.

ತಂಗಿ, ವಾರ್ಡಿಗೇ ಸೇರಿಕೊಳ್ಳಿ. ಹೊಸದಾಗಿ ಬರುವ ನರ್ಸಿಂಗ್ ವಿದ್ಯಾರ್ಥಿಗಳು ರೋಗಿಯ ಮೈ ಮುಟ್ಟಲೇ ಹಿಂಜರಿಯುತ್ತಾರೆ. ನಿಮಗೆ ಆ ಅಳುಕು ಈಗಲೇ ಬಿಟ್ಟುಹೋಗುತ್ತದೆ. ಬೆಡ್‌ಪ್ಯಾನ್ ಇಡುವುದು, ಮೈ ಒರೆಸುವುದು ಕೀಳು ಕೆಲಸ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಏಳಲಾಗದವರಿಗೆ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಹಾಗೆ ಹೊರಳಿಸುವಾಗಲೇ ಬಾಲಮೂಳೆ, ಹಿಮ್ಮಡಿಯ ಹತ್ತಿರ ಚರ್ಮ ಕೆಂಪಾಗಿದ್ದು ಕಾಣುತ್ತದೆ. ಬೆರಳಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತಲೇ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಉಸಿರು ಎಣಿಸುವುದೂ ಹಾಗೇ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗಿಬಿಡುತ್ತದೆ. ಅದಕ್ಕೇ ನಾಡಿ ಹಿಡಿದುಕೊಂಡೇ ಎದೆಯ ಏರಿಳಿತ ಗಮನಿಸುತ್ತೇವೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 20 ದಾಟಿ ಏರುತ್ತಾ ಹೋದರೆ, ರೋಗಿ ‘ಚೆನ್ನಾಗಿದ್ದೇನೆ’ ಅಂದರೂ ನರ್ಸ್‌ಗೆ ಹೇಳಿ. ಇಂಥ ಕಣ್ಣು ವಾರ್ಡಿನಲ್ಲೇ ಬೆಳೆಯುವುದು.
– ಒಬ್ಬ ವಾರ್ಡ್ ನರ್ಸ್

ರಕ್ತ ತೆಗೆಯುವ ಕೆಲಸವನ್ನು ಸುಮ್ನೆ ತಳ್ಳಿಹಾಕಬೇಡಿ. ನರ ಹುಡುಕಲು ಕೈ ಪಳಗುತ್ತದೆ, ಸೂಜಿಗೆ ಹೆದರುವವರನ್ನು ಸಮಾಧಾನ ಮಾಡಲು ಬರುತ್ತದೆ. ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಟ್ಯೂಬಿಗೆ ಅವರೆದುರೇ ಲೇಬಲ್ ಅಂಟಿಸುವ ಶಿಸ್ತು ಮುಂದೆ ಔಷಧಿ ಕೊಡುವಾಗಲೂ ಬೇಕು. ಆದರೆ ಒಬ್ಬರ ಹತ್ತಿರ ಐದು ನಿಮಿಷ ನಿಂತರೆ ಜಾಸ್ತಿ. ನಿನ್ನೆ ಇದ್ದವರು ಇವತ್ತು ಹೇಗಾದರು ಅಂತ ತಿಳಿಯುವುದಿಲ್ಲ. ಹಾಗಾಗಿ ನನ್ನ ಮತವೂ ವಾರ್ಡಿಗೇ, ಬೆನ್ನುನೋವು ಮೊದಲಿಂದಲೇ ಇಲ್ಲದಿದ್ದರೆ.
– ಲ್ಯಾಬ್ ಟೆಕ್ನಿಷಿಯನ್

ಒಪ್ಪುವ ಮುಂಚೆ ಪಾಳಿ ಹೇಗೆ ಅಂತ ಕೇಳಿ. ರಾತ್ರಿ ಪಾಳಿ ಮೇಲಿಂದ ಮೇಲೆ ಬಂದರೆ ಪ್ರವೇಶಕ್ಕೆ ಓದಲು ಆಗುವುದೇ ಇಲ್ಲ. ಅಂಥ ಕಡೆ ಹಗಲಿನ ರಿಸೆಪ್ಷನ್ ಕೆಲಸವೇ ವಾಸಿ ಅನ್ನಿಸಬಹುದು, ಅದರಲ್ಲಿ ತಪ್ಪಿಲ್ಲ. ವಾರ್ಡಿಗಾದರೂ ಲ್ಯಾಬಿಗಾದರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತಾರಾ, ರೋಗಿಯನ್ನು ಎತ್ತುವ ಸರಿಯಾದ ರೀತಿ ಕಲಿಸುತ್ತಾರಾ ಅಂತ ಮೊದಲೇ ವಿಚಾರಿಸಿ. ಕೆಲಸ ಮಾಡಿದ್ದಕ್ಕೆ ಪತ್ರ ಕೊಡುತ್ತಾರಾ ಅನ್ನುವುದನ್ನೂ ಕೇಳಿ.
– ನರ್ಸಿಂಗ್ ವಿದ್ಯಾರ್ಥಿನಿ