ಹಳೇ ಬ್ಯಾಂಡ್‌ನ ಡೆಮೊ ಕ್ಯಾಸೆಟ್: ಒಂದು ಬದಿ ನಿಧಾನ, ಇನ್ನೊಂದು ಬದಿ ಉಲ್ಟಾ

ಸರಸ್ವತಿಪುರಂ_ಕೇಳುಗ:
ತೊಂಬತ್ತರ ದಶಕದ ಮೈಸೂರಿನ ಒಂದು ಪಾಪ್-ರಾಕ್ ಬ್ಯಾಂಡ್‌ನ ಇತಿಹಾಸ ಬರೀಬೇಕು. ಆಲ್ಬಂ ಬಂದೇ ಇಲ್ಲ, ಇರೋದು ಡೆಮೊ ಕ್ಯಾಸೆಟ್ ಮಾತ್ರ. ಅದರಲ್ಲೊಂದು ಸಿ-60 (ಅರವತ್ತು ನಿಮಿಷದ ಕ್ಯಾಸೆಟ್) ವಿಚಿತ್ರವಾಗಿದೆ. ಎ ಬದಿಯಲ್ಲಿ ಬರೀ ಡ್ರಮ್ಸ್, ಬೇಸ್, ಅದೂ ಎಳೆದೆಳೆದು. ಬಿ ಬದಿಯಲ್ಲಿ ಗಿಟಾರ್, ಹಾಡು ಎರಡೂ ಹಿಂದುಮುಂದು. ಟೇಪ್ ಹಾಳಾಗಿದ್ಯಾ? ಬ್ಯಾಂಡ್ ಶುರುವಾದ ವರ್ಷ ಪತ್ತೆಮಾಡೋದು ಹೇಗೆ?

ಟೇಪ್‌ಹುಳ:
ಹಾಳಾಗಿಲ್ಲ ಸರ್, ನಿಮಗೆ ನಿಧಿ ಸಿಕ್ಕಿದೆ. ಅದು ನಾಲ್ಕು ಟ್ರ್ಯಾಕ್ ರೆಕಾರ್ಡರ್‌ನ (ವಾದ್ಯ, ಹಾಡನ್ನ ಬೇರೆ ಬೇರೆ ಪಟ್ಟಿಯಲ್ಲಿ ಹಿಡಿಯೋ ಯಂತ್ರ) ಮೂಲ ಟೇಪು. 1979ರ ಪೋರ್ಟಾಸ್ಟುಡಿಯೊದಿಂದ ಶುರುವಾದ ಜಾತಿ ಇದು. ನಾಲ್ಕೂ ಟ್ರ್ಯಾಕ್ ಒಂದೇ ದಿಕ್ಕಿಗೆ ರೆಕಾರ್ಡ್ ಆಗುತ್ತೆ, ಮನೆಯ ಕ್ಯಾಸೆಟ್ ಡೆಕ್ ಒಂದು ಬದಿಗೆ ಎರಡೇ ಓದುತ್ತೆ, ಹಾಗಾಗಿ ತಿರುಗಿಸಿ ಹಾಕಿದ್ರೆ 3 ಮತ್ತು 4 ಉಲ್ಟಾ. ಟೇಪು ಸೆಕೆಂಡಿಗೆ 9.5 ಸೆಂ.ಮೀ. ಓಡಿದೆ, ಮನೆ ಡೆಕ್ ಓಡಿಸೋದು 4.76. ಅದಕ್ಕೇ ಶ್ರುತಿ ಒಂದು ಸ್ಥಾಯಿ ಕೆಳಗೆ.

ಅಂಥದ್ದೇ ಯಂತ್ರ ಸಿಕ್ಕಿದ್ರೆ ಬೇರೆ ಯೋಚನೆನೇ ಬೇಡ. ಸಿಗದಿದ್ರೆ ಡೆಕ್‌ನ ಹೆಡ್ಡನ್ನ (ಟೇಪ್ ಓದೋ ಭಾಗ) ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಡಾಲ್ಬಿ (ಟೇಪಿನ ಹಿಸ್ ಸದ್ದು ತಗ್ಗಿಸೋ ಸ್ವಿಚ್) ಆಫ್ ಮಾಡಿ, ಎರಡೂ ಬದಿ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಇಳಿಸಿಕೊಳ್ಳಿ. ಪೀಕ್ ಮೈನಸ್ 6 ಡೆಸಿಬಲ್ ದಾಟಬಾರದು. ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಬಿ ಬದಿಗೆ ರಿವರ್ಸ್ ಕೊಟ್ಟು, ಎರಡಕ್ಕೂ ವೇಗ ದುಪ್ಪಟ್ಟು ಮಾಡಿ. ಟೆಂಪೊ ಅಲ್ಲ, ಪಿಚ್ ಅಲ್ಲ, ಸ್ಪೀಡ್. ಬಿ ಬದಿಯ ಎಡ ಚಾನೆಲ್ 4ನೇ ಟ್ರ್ಯಾಕ್, ಬಲ 3ನೇದು.

ಜೋಡಿಸೋದೇ ತಲೆನೋವು. ಡೆಕ್ ಎರಡು ಸಲ ಒಂದೇ ವೇಗದಲ್ಲಿ ಓಡಲ್ಲ, ಶುರುವಲ್ಲಿ ಸರಿಯಾಗಿ ಕೂತರೂ ಹಾಡು ಮುಗಿಯೋ ಹೊತ್ತಿಗೆ ದನಿ ಡ್ರಮ್ಸ್‌ನಿಂದ ಜಾರಿರುತ್ತೆ. ಹಾಡಿನ ಟ್ರ್ಯಾಕ್‌ನಲ್ಲಿ ಹೆಡ್‌ಫೋನ್‌ನಿಂದ ಸೋರಿದ ಡ್ರಮ್ಸ್ ಸದ್ದು ಹುಡುಕಿ, ಚರಣಕ್ಕೊಂದು ಕಡೆ ಕತ್ತರಿಸಿ ಅದಕ್ಕೆ ಹೊಂದಿಸಿ.

ಮಂಡ್ಯ_ಸೌಂಡು:
ಒಂದು ಬಿಟ್ಟೋಯ್ತು ಕಣಣ್ಣ. ದನಿ ಜೊತೆಗೇ ಹಿಸ್ ಸದ್ದೂ ಏರಿಳೀತಿದ್ರೆ ಡಿಬಿಎಕ್ಸ್ (ಹಿಸ್ ತಗ್ಗಿಸೋ ಇನ್ನೊಂದು ವ್ಯವಸ್ಥೆ) ಹಾಕಿ ರೆಕಾರ್ಡ್ ಮಾಡವ್ರೆ. ವೇಗ ಸರಿ ಮಾಡಿದ್ ಮೇಲೆ ಡಿಕೋಡ್ ಮಾಡ್ಬೇಕು, ಅಲ್ಲೀವರೆಗೂ ಬಾಸು ಟ್ರೆಬಲ್ಲು ಮುಟ್ಬೇಡಿ, ಲೆಕ್ಕ ತಪ್ಪೋಯ್ತದೆ. ಮತ್ತೆ ಟೇಪಿನ ಅಂಚಲ್ಲಿ ಬಿಳೀ ಬೂಷ್ಟು ಇದ್ರೆ ಡೆಕ್ಕಿಗೆ ಹಾಕಲೇಬೇಡಿ. ಹೆಡ್ಡಿಗೆ ಅಂಟ್ಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟ್ತದೆ.

ದಿನಾಂಕ_ಶೋಧ:
ಖಾಲಿ ಕ್ಯಾಸೆಟ್‌ನ ರಟ್ಟಿನ ಮೇಲಿನ ವರ್ಷ ನಂಬಬೇಡಿ, ರೆಕಾರ್ಡಿಂಗ್ ಅದಕ್ಕಿಂತ ಹಿಂದಿನದಲ್ಲ ಅನ್ನೋದಷ್ಟೇ ಅದರಿಂದ ಗೊತ್ತಾಗೋದು. 'ಸ್ಟಾರ್ ಆಫ್ ಮೈಸೂರ್' ಪತ್ರಿಕೆ 1978ರಿಂದ ಬರ್ತಿದೆ, ಹಳೇ ಸಂಚಿಕೆಗಳಲ್ಲಿ ಕಾಲೇಜು ಕಾರ್ಯಕ್ರಮಗಳ ಸುದ್ದಿ ನೋಡಿ. ಆಲ್ಬಂ ಇದ್ದಿದ್ರೂ ಅದರ ವರ್ಷ ಹುಟ್ಟಿದ ವರ್ಷವಾಗ್ತಿರಲಿಲ್ಲ: ಬೆಂಗಳೂರಿನ ರಾಕ್ ಬ್ಯಾಂಡ್ ಥರ್ಮಲ್ ಅಂಡ್ ಎ ಕ್ವಾರ್ಟರ್ ಶುರುವಾಗಿದ್ದು 1996ರಲ್ಲಿ, ಮೊದಲ ಆಲ್ಬಂ 2000ದಲ್ಲಿ. ಯಾರು ಯಾವ ವಾದ್ಯ ನುಡಿಸಿದ್ರು ಅನ್ನೋದನ್ನ ಟೇಪಿಗೊಂದರಂತೆ ಬರೆದಿಡಿ, ಇಂಥ ಬ್ಯಾಂಡ್‌ಗಳಲ್ಲಿ ಡ್ರಮ್ಮರ್ ಬದಲಾಗ್ತಾನೇ ಇರ್ತಾರೆ. ನೆಟ್‌ಗೆ ಹಾಕೋ ಮುಂಚೆ ಸಾಹಿತ್ಯ, ರಾಗ ಸಂಯೋಜನೆ ಮಾಡಿದವರ ಒಪ್ಪಿಗೆ ಲಿಖಿತವಾಗಿ ಇರಲಿ.

ಸರಸ್ವತಿಪುರಂ_ಕೇಳುಗ:
ದುಪ್ಪಟ್ಟು ಅಂದ್ರೂ ಡೆಕ್ ವೇಗವೇ ತಪ್ಪಿದ್ರೆ? ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ನೋಡಿ ಸರಿ ಮಾಡಬಹುದಾ?

ಮಂಡ್ಯ_ಸೌಂಡು:
ಆಗ ನಮ್ ಕಡೆ ಕರೆಂಟು 50ರಲ್ಲಿ ನಿಂತಿದ್ದೆಲ್ಲಿ, 48ರ ಹತ್ರಕ್ಕೂ ಇಳೀತಿತ್ತು. ಹಾಡಲ್ಲಿ ಕೀಬೋರ್ಡ್ ಇದ್ರೆ ಅದರ ಎ ಸ್ವರನ 440 ಹರ್ಟ್ಸ್‌ಗೆ ಕೂರ್ಸಿ. ಗಿಟಾರ್ ನಂಬಂಗಿಲ್ಲ.