ಹಳೆಯ ಹಾಲಿವುಡ್ ಕಾಮಿಡಿಗಳ ಹೊಡೆತದ ದೃಶ್ಯ: ರಂಗದ ಮೇಲೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಆಧರಿಸಿದ ಹಾಸ್ಯನಾಟಕ ಮಾಡುತ್ತಿದೆ. 1953ರ ‘ಕಿಸ್ ಮಿ ಕೇಟ್’ ಸಿನಿಮಾದಲ್ಲಿ ನಾಯಕ ನಾಯಕಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಹೊಡೆಯುವ ಹಾಗೆ ನಮ್ಮಲ್ಲೂ ಒಂದು ದೃಶ್ಯವಿದೆ. ಯಾರಿಗೂ ಪೆಟ್ಟಾಗಬಾರದು, ಶಬ್ದ ಕೊನೆಯ ಸಾಲಿಗೂ ಕೇಳಬೇಕು. ಗೊತ್ತಿದ್ದವರು ತಿಳಿಸಿ.

ರಂಗಚಲನೆ ಬಲ್ಲವರು: ಮೇಡಂ, ಮೊದಲು ಆಸನ ಸರಿಯಾಗಲಿ. ಕೈಯಿಲ್ಲದ, ಅಲುಗಾಡದ ಬೆಂಚು, ಎತ್ತರ ಸುಮಾರು 45 ಸೆಂ.ಮೀ. ಮಡಚುವ ಕುರ್ಚಿ ಬೇಡವೇ ಬೇಡ. ಹೊಡೆಯುವವರು ಪ್ರೇಕ್ಷಕರ ಎಡಕ್ಕೆ ಮುಖಮಾಡಿ ಕೂರಲಿ. ಆಗ ಅವರ ಎಡಗೈ ಪ್ರೇಕ್ಷಕರ ಕಡೆ, ಬಲಗೈ ಹಿಂಪರದೆಯ ಕಡೆ ಬರುತ್ತದೆ. ನಟಿಯ ತಲೆ ಪ್ರೇಕ್ಷಕರತ್ತ ಇರಬೇಕು. ಜನ ನೋಡುವುದು ಅವರ ಮುಖವನ್ನು. ಕೈ ಎಲ್ಲಿ ಬಿತ್ತು ಎಂಬುದು ಮರೆಯಾಗುತ್ತದೆ. ನಗು ಹುಟ್ಟುವುದೂ ಆ ಮುಖದಿಂದಲೇ.

ಬೆಂಚಿನ ಹಿಂಬದಿಗೆ, ನಟನ ಬಲಸೊಂಟದ ಪಕ್ಕದಲ್ಲಿ, ದಪ್ಪ ಚರ್ಮದ ತುಂಡೊಂದನ್ನು ಬಿಗಿಯಿರಿ. ಪೆಟ್ಟು ಬೀಳಬೇಕಾದದ್ದು ಅದಕ್ಕೆ, ಮೈಗಲ್ಲ. ನಟಿಯನ್ನು ಯಾರೂ ಎಳೆಯಬಾರದು. ಅವರೇ ಬಾಗಿ, ಎರಡೂ ಅಂಗೈ ನೆಲಕ್ಕೋ ಗಟ್ಟಿ ಪೀಠಕ್ಕೋ ಊರಿ ಭಾರ ಹೊರಬೇಕು. ನಟನ ಎಡಗೈ ಅವರ ಭುಜದ ಮೇಲೆ ಇದ್ದರೆ ಸಾಕು, ಒತ್ತಬಾರದು. ಒತ್ತಿದರೆ ಹೊಟ್ಟೆ, ಪಕ್ಕೆಲುಬು ತೊಡೆಗೆ ಸಿಕ್ಕಿ ಉಸಿರು ಕಟ್ಟುತ್ತದೆ, ಮಾತು ಹೊರಡುವುದಿಲ್ಲ. ನಟಿ ಅವರ ಕಾಲಿಗೆ ಎರಡು ಸಲ ತಟ್ಟಿದರೆ ದೃಶ್ಯ ಅಲ್ಲಿಗೇ ನಿಲ್ಲಬೇಕು, ಪ್ರದರ್ಶನದ ದಿನವೂ ಅಷ್ಟೇ.

ಶಬ್ದದ ಕೆಲಸ ಬಲ್ಲವರು: ಚರ್ಮದ ಸದ್ದು ದೊಡ್ಡ ಸಭಾಂಗಣಕ್ಕೆ ಸಾಲದು. ಇಟಲಿಯ ಹಳೆಯ ಹಾಸ್ಯನಾಟಕ ಪ್ರಕಾರವಾದ ಕೊಮೆಡಿಯಾ ದೆಲ್ಲಾರ್ತೆಯ ವಿದೂಷಕ ಹಿಡಿಯುತ್ತಿದ್ದ ಜೋಡಿಪಟ್ಟಿ ಮಾಡಿಸಿಕೊಳ್ಳಿ; ಹೊಡೆತ, ಬೀಳಾಟದ ಹಾಸ್ಯಕ್ಕೆ ಸ್ಲ್ಯಾಪ್‌ಸ್ಟಿಕ್ ಎಂಬ ಹೆಸರು ಬಂದದ್ದೇ ಅದರಿಂದ. ಸುಮಾರು 45 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪದ ಎರಡು ಸಾಗುವಾನಿ ಪಟ್ಟಿ. ಹಿಡಿಯ ಕಡೆ ನಡುವೆ 3–4 ಮಿ.ಮೀ. ಚಕ್ಕೆಯಿಟ್ಟು ಸ್ಕ್ರೂ ಹಾಕಿಸಿ. ಸಂದು ಕಡಿಮೆಯಾದರೆ ಸದ್ದಿಲ್ಲ, ಹೆಚ್ಚಾದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಪ್ಲೈವುಡ್ಡಿನ ಸದ್ದು ಮಂಕು. ಎಳೆ ಓರೆಯಾಗಿರುವ ಮರ ಸೀಳುತ್ತದೆ. ಇದನ್ನು ಪಕ್ಕದ ಪರದೆಯ ಹಿಂದೆ, ನಟನ ಬಲಗೈ ಕಾಣುವ ಜಾಗದಲ್ಲಿ ನಿಂತವರು ಬಾರಿಸಲಿ. ಯಕ್ಷಗಾನದಲ್ಲಿ ಚಂಡೆಯವರು ಹಾಸ್ಯಗಾರನನ್ನು ನೋಡುತ್ತಲೇ ಪೆಟ್ಟು ಕೊಡುವ ಹಾಗೆ. ಮೊದಲೇ ಧ್ವನಿಮುದ್ರಿಸಿಕೊಂಡರೆ ನಟ ಅರೆಕ್ಷಣ ತಡಮಾಡಿದರೂ ಗುಟ್ಟು ಬಯಲು.

ಸಿನಿಮಾ ಚರಿತ್ರೆ ಓದಿದವರು: ದೃಶ್ಯ ಬೇಕೇ ಎಂಬುದನ್ನೂ ತಂಡ ಕೂತು ಯೋಚಿಸಲಿ. ಷೇಕ್ಸ್‌ಪಿಯರನ ಪಠ್ಯದಲ್ಲಿ ನಾಯಕ ಪೆಟ್ರೂಕಿಯೋ ನಾಯಕಿ ಕ್ಯಾಥರೀನಳಿಗೆ ಹೊಡೆಯುವುದೇ ಇಲ್ಲ. ಮೊದಲ ಭೇಟಿಯಲ್ಲಿ ಕೈಮಾಡುವವಳು ಅವಳು. ತೊಡೆಯ ಮೇಲಿನ ಹೊಡೆತ ನಂತರದವರು ಸೇರಿಸಿದ್ದು. 1934ರಿಂದ ಬಿಗಿಯಾಗಿ ಜಾರಿಯಾದ ಹಾಲಿವುಡ್ಡಿನ ಪ್ರೊಡಕ್ಷನ್ ಕೋಡ್ (ತೆರೆಯ ಮೇಲೆ ಏನು ತೋರಿಸಬಹುದೆಂಬ ನಿಯಮಾವಳಿ) ಮುತ್ತಿನ ದೃಶ್ಯಕ್ಕೆಲ್ಲ ಕತ್ತರಿ ಹಿಡಿದು ಕೂತಿತ್ತು, ಇದನ್ನು ಮಾತ್ರ ತಮಾಷೆಯೆಂದು ಬಿಟ್ಟಿತು. 1963ರ ‘ಮೆಕ್‌ಲಿಂಟಾಕ್!’ನಲ್ಲಿ ಜಾನ್ ವೇಯ್ನ್ ಕಲ್ಲಿದ್ದಲ ಸಲಿಕೆಯಿಂದ ಹೊಡೆಯುತ್ತಾರೆ. ಹೊಡೆತ ನಿಜವಾಗಿಯೇ ಬಿದ್ದು ಮೈ ಕಂದಿತ್ತೆಂದು ನಾಯಕಿ ಮೌರೀನ್ ಒಹಾರ ಆತ್ಮಕಥೆಯಲ್ಲಿ ಬರೆದಿದ್ದಾರೆ. ‘ನೈಜತೆ’ ಬೇಕೆನ್ನುವ ನಟರಿಗೆ ಇದನ್ನು ಓದಿ ಹೇಳಿ. ಷೇಕ್ಸ್‌ಪಿಯರನ ಇದೇ ಕಥೆಯ ಎಳೆ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕದ ಮೂಲಕ 1989ರ ‘ನಂಜುಂಡಿ ಕಲ್ಯಾಣ’ ಸಿನಿಮಾಕ್ಕೂ ಬಂದದ್ದರಿಂದ ನಮ್ಮ ಪ್ರೇಕ್ಷಕರಿಗೆ ಜಗಳಗಂಟಿ ನಾಯಕಿಯ ಪರಿಚಯವಿದೆ, ಮಾತಿನ ಜಟಾಪಟಿಯಿಂದಲೇ ಅವರನ್ನು ನಗಿಸಬಹುದು.

ರಂಗಚಲನೆಯವರು ಮತ್ತೆ: ಒಪ್ಪುತ್ತೇನೆ. ಇಟ್ಟುಕೊಳ್ಳುವುದಾದರೆ ಮೂರೇ ಪೆಟ್ಟು. ಮೂರನೆಯದಕ್ಕೆ ನಟಿ ಸರಕ್ಕನೆ ಎದ್ದುಬಿಡಲಿ, ಕೈ ಅವನ ತೊಡೆಗೇ ಬೀಳಲಿ, ಕೂಗು ಅವನದಾಗಲಿ. ಆ ಪೆಟ್ಟಿಗಾಗಿ ಪ್ಯಾಂಟಿನ ಒಳಗೆ 10 ಮಿ.ಮೀ. ಫೋಮ್ ಹೊಲಿಸಿಡಿ.