ದಾವಣಗೆರೆಯ ಸೆಖೆಯಲ್ಲಿ ಕ್ರೋಸಾಂಟ್: ಬೆಣ್ಣೆಯನ್ನು ಪದರದಲ್ಲಿ ನಿಲ್ಲಿಸುವುದು ಹೇಗೆ?

ವಿದ್ಯಾನಗರದ ಒಲೆ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವರ್ಷಕ್ಕೊಂದರಂತೆ ಹೊರದೇಶದ ಕಠಿಣವಾದ ಬೇಕಿಂಗ್ ತಿನಿಸೊಂದನ್ನು ಮನೆಯಲ್ಲೇ ಕಲಿಯಬೇಕೆಂಬ ಹಟವನ್ನು ನಾನು ಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಮೊದಲ ವರ್ಷ ಇಟಲಿಯ ಫೊಕಾಚಿಯಾ ರೊಟ್ಟಿ, ಎರಡನೆಯ ವರ್ಷ ಅರಬ್ ನಾಡುಗಳ ಪೀಟಾ ರೊಟ್ಟಿ. ಎರಡೂ ಹೆಚ್ಚು ಕಾಡದೆ ಕೈಗೆ ಹತ್ತಿದವು. ಈ ವರ್ಷ ಫ್ರಾನ್ಸಿನ ಕ್ರೋಸಾಂಟ್ (ಈಸ್ಟ್ ಹಿಟ್ಟಿನ ನಡುವೆ ಬೆಣ್ಣೆಯಿಟ್ಟು ಮಡಿಸಿ, ಪದರ ಬರುವಂತೆ ಬೇಯಿಸುವ ತಿನಿಸು) ಹಿಡಿದಿದ್ದೇನೆ. ಮೂರು ಸಲ ಮಾಡಿ ಮೂರು ಸಲವೂ ಕೆಡಿಸಿದ್ದೇನೆ.

ನನ್ನ ಅಳತೆ ಹೀಗಿದೆ: 500 ಗ್ರಾಂ ಮೈದಾ, ಹಾಲು ಮತ್ತು ನೀರು ಸೇರಿ 280 ಮಿಲಿಲೀಟರ್, 50 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, 10 ಗ್ರಾಂ ಒಣ ಈಸ್ಟ್, ಮಡಿಕೆಗಳ ನಡುವೆ ಇಡಲು 250 ಗ್ರಾಂ ಅಂಗಡಿಯ ಬೆಣ್ಣೆ. ಮೊದಲ ಸಲ ಮೇ ತಿಂಗಳಲ್ಲಿ ಮಾಡಿದಾಗ, ಲಟ್ಟಿಸಿ ಮಡಿಸುವ ತನಕ ಎಲ್ಲವೂ ಸರಿಯಾಗಿದ್ದು, ಆಕಾರ ಕೊಟ್ಟು ಉಬ್ಬಲು ಬಿಟ್ಟ ಮೇಲೆ ತಟ್ಟೆಯಲ್ಲಿ ಬೆಣ್ಣೆ ಕೆರೆ ಕಟ್ಟಿತು. ಅದರಲ್ಲೇ ಕರಿದಂತೆ ಬೆಂದ ತಿನಿಸಿನ ಒಳಗೆ ಪದರದ ಸುಳಿವಿರಲಿಲ್ಲ, ಬನ್ನಿನ ತಿರುಳಿತ್ತು. ಎರಡನೆಯ ಸಲ ಆ ಭಯದಿಂದಲೇ ಬೆಣ್ಣೆಯನ್ನು ಫ್ರೀಜರಿನಲ್ಲಿಟ್ಟು ಕಲ್ಲು ಮಾಡಿದೆ. ಲಟ್ಟಣಿಗೆ ತಗಲಿದ ಕೂಡಲೇ ಅದು ಹಿಟ್ಟಿನೊಳಗೆ ಒಡೆದ ಹೆಂಚಿನಂತೆ ಚೂರುಚೂರಾಯಿತು. ಮೂರನೆಯ ಸಲ ಎರಡನೆಯ ಮಡಿಕೆಯ ಹೊತ್ತಿಗೆ ಕರೆಂಟು ಹೋಗಿ ಎರಡು ಗಂಟೆ ಬರಲಿಲ್ಲ. ಅದನ್ನು ನನ್ನ ತಪ್ಪಿನ ಲೆಕ್ಕಕ್ಕೆ ಸೇರಿಸುತ್ತಿಲ್ಲ.

ಬೆಣ್ಣೆ ದೋಸೆಯ ಊರಿನಲ್ಲಿದ್ದುಕೊಂಡು ಬೆಣ್ಣೆಯನ್ನು ನಿಲ್ಲಿಸಲು ಬರುವುದಿಲ್ಲವೇ ಎಂದು ನಮ್ಮ ಅತ್ತೆಯವರು ನಗುತ್ತಿದ್ದಾರೆ. ಮನೆಯಲ್ಲಿ ಎಮ್ಮೆ ಹಾಲಿನ ಮೊಸರು ಕಡೆದು ತೆಗೆದ ಬೆಣ್ಣೆ ಯಾವಾಗಲೂ ಇರುತ್ತದೆ. ಅದನ್ನೇ ಬಳಸಬಹುದೇ? ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ಇರುವುದು ಸಾಧಾರಣ ಓಟಿಜಿ (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಒಲೆ). ಬಲ್ಲವರು ದಯವಿಟ್ಟು ತಿಳಿಸಿ.

ಪೇಟೆ ಬೇಕರಿಯವನು (ದಾವಣಗೆರೆ):

ಅಕ್ಕನವರೇ, ನಾನು ಇಪ್ಪತ್ತು ವರ್ಷಗಳಿಂದ ಬೇಕರಿ ಕೆಲಸದಲ್ಲಿರುವವನು. ನಮ್ಮಲ್ಲಿ ದಿನವೂ ಖಾರಾ ಪಫ್‌ಗೆ ಇದೇ ರೀತಿ ಹಿಟ್ಟು ಮಡಿಸುತ್ತೇವೆ, ಆದರೆ ಬೆಣ್ಣೆಯಿಂದಲ್ಲ. ಪಫ್ ಮಾರ್ಗರಿನ್ ಎಂದು ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಗಟ್ಟಿ ಕೊಬ್ಬಿನಿಂದ. ಅದು 40 ಡಿಗ್ರಿಯ ಮೇಲೆಯೇ ಕರಗುವುದರಿಂದ, ಏಪ್ರಿಲ್ ಮಧ್ಯಾಹ್ನದಲ್ಲೂ ಮೇಜಿನ ಮೇಲೆ ಜೇಡಿಮಣ್ಣಿನಂತೆ ಹೇಳಿದ ಹಾಗೆ ಕೇಳುತ್ತದೆ. ತಾವು ಮೊದಲು ಅದರಲ್ಲಿ ಕೈ ಪಳಗಿಸಿಕೊಂಡು ನಂತರ ಬೆಣ್ಣೆಗೆ ಬರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: ಪಫ್ ಹಿಟ್ಟಿನಲ್ಲಿ ಈಸ್ಟ್ ಇಲ್ಲ, ಮಡಿಸಿದ ಮೇಲೆ ನೇರವಾಗಿ ಒಲೆಗೆ ಹೋಗುತ್ತದೆ. ಕ್ರೋಸಾಂಟ್ ಹಿಟ್ಟು ಬೆಚ್ಚಗೆ ಕೂತು ಉಬ್ಬಬೇಕು. ತಾವು ಸೋತಿರುವುದು ಅಲ್ಲೇ.

ದುರ್ಗದ ಮೇಷ್ಟ್ರು (ಚಿತ್ರದುರ್ಗ):

ನಾನು ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು, ಬೇಕಿಂಗ್ ನಿವೃತ್ತಿಯ ನಂತರ ಅಂಟಿದ ಹುಚ್ಚು. ಬೇಕರಿಯವರು ರೋಗವನ್ನು ಸರಿಯಾಗಿ ಗುರುತಿಸಿದ್ದಾರೆ. ಅವರು ಬರೆದುಕೊಟ್ಟ ಮದ್ದನ್ನು ಮಾತ್ರ ನಾನು ಒಪ್ಪಲಾರೆ. 40 ಡಿಗ್ರಿಯ ಮೇಲೆ ಕರಗುವ ಕೊಬ್ಬು 37 ಡಿಗ್ರಿಯ ಬಾಯಿಯಲ್ಲಿ ಪೂರ್ತಿ ಕರಗುವುದಿಲ್ಲ. ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗುವುದರಿಂದಲೇ ನಾಲಿಗೆಯ ಮೇಲೆ ಮಾಯವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಅದನ್ನು ಸೋಲಿಸುವ ಗುಣವೂ, ತಿನ್ನುವಾಗ ಅದನ್ನು ಗೆಲ್ಲಿಸುವ ಗುಣವೂ ಒಂದೇ.

ಫೊಕಾಚಿಯಾ ಮತ್ತು ಪೀಟಾ ತಮಗೆ ಸುಲಭವಾಗಿ ಒಲಿದದ್ದು ಆಕಸ್ಮಿಕವಲ್ಲ. ಅವೆರಡೂ ಎಣ್ಣೆಯ ನಾಡಿನ, ಬಿಸಿಲಿನ ನಾಡಿನ ರೊಟ್ಟಿಗಳು. ನಮ್ಮ ಸೆಖೆ ಅವುಗಳಿಗೆ ತವರಿನ ಗಾಳಿ. ಕ್ರೋಸಾಂಟ್‌ನ ಮೂಲ ಆಸ್ಟ್ರಿಯಾದ ಕಿಪ್ಫೆರ್ಲ್ ಎಂಬ ಅರ್ಧಚಂದ್ರಾಕಾರದ ರೊಟ್ಟಿ. ಆಗಸ್ಟ್ ಝಾಂಗ್ ಎಂಬ ಆಸ್ಟ್ರಿಯಾದವರು 1830ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ತೆರೆದ ವಿಯೆನ್ನಾ ಶೈಲಿಯ ಬೇಕರಿಯಿಂದ ಅದು ಅಲ್ಲಿ ಜನಪ್ರಿಯವಾಯಿತು. ಇಂದಿನ ಪದರದ ರೂಪ ಬಂದದ್ದು ಅದಕ್ಕೂ ಎಷ್ಟೋ ನಂತರ. (1683ರ ವಿಯೆನ್ನಾ ಮುತ್ತಿಗೆಯ ವಿಜಯಕ್ಕಾಗಿ ಇದನ್ನು ಮಾಡಿದರೆಂಬ ಕಥೆಗೆ ಆ ಕಾಲದ ಆಧಾರವಿಲ್ಲ, ಆದರೂ ಎಲ್ಲರೂ ಅದನ್ನೇ ಹೇಳುತ್ತಾರೆ.) ಅಂದರೆ ಇದು ಚಳಿಯ ಊರುಗಳಲ್ಲಿ ಹುಟ್ಟಿ ಬೆಳೆದ ತಿನಿಸು. ಅಲ್ಲಿನ ಪಾಕವಿಧಾನವು 'ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಬಿಡಿ' ಎಂದಾಗ ಆ ಕೋಣೆ 20 ಡಿಗ್ರಿಯದ್ದೆಂದು ತಿಳಿಯಬೇಕು, ನಮ್ಮ ಮೇ ತಿಂಗಳ 35 ಡಿಗ್ರಿಯದ್ದೆಂದಲ್ಲ.

ಲಟ್ಟಿಸುವಾಗ ಹಿಟ್ಟೂ ಬೆಣ್ಣೆಯೂ 13ರಿಂದ 16 ಡಿಗ್ರಿಯೊಳಗೆ ಇರಬೇಕು. ಥರ್ಮಾಮೀಟರಿಗಿಂತ ತಮ್ಮ ಅತ್ತೆಯವರ ಹೋಳಿಗೆಯೇ ಇದಕ್ಕೆ ಉತ್ತಮ ಪಾಠ. ಕಣಕವೂ ಹೂರಣವೂ ಒಂದೇ ಹದದಲ್ಲಿದ್ದರೆ ಮಾತ್ರ ಎರಡೂ ಜೊತೆಯಾಗಿ ಹರಡುತ್ತವೆ. ಹೂರಣ ಗಟ್ಟಿಯಾದರೆ ಕಣಕ ಹರಿಯುತ್ತದೆ, ಸಡಿಲವಾದರೆ ಹೊರಗೆ ಚಿಮ್ಮುತ್ತದೆ. ತಾವು ಮೊದಲ ಸಲ ಸಡಿಲ ಹೂರಣದ ತಪ್ಪನ್ನೂ, ಎರಡನೆಯ ಸಲ ಗಟ್ಟಿ ಹೂರಣದ ತಪ್ಪನ್ನೂ ಮಾಡಿದ್ದೀರಿ. ಬೆಣ್ಣೆಯ ಹಾಳೆಯನ್ನು ಕೈಯಲ್ಲಿ ಬಗ್ಗಿಸಿದರೆ ಅದು ಒಡೆಯದೆ, ಬೆರಳಿಗೂ ಅಂಟದೆ ಬಗ್ಗಬೇಕು.

ಈಗ ಮನೆಯ ಬೆಣ್ಣೆಯ ವಿಷಯ. ನಿಯಮದ ಪ್ರಕಾರ ಅಂಗಡಿಯ ಬೆಣ್ಣೆಯಲ್ಲಿ ಕನಿಷ್ಠ ಶೇಕಡಾ 80ರಷ್ಟು ಹಾಲಿನ ಕೊಬ್ಬಿರಬೇಕು. ಫ್ರಾನ್ಸಿನಲ್ಲಿ ಅದು 82, ಪದರದ ಕೆಲಸಕ್ಕೆಂದೇ ಅಲ್ಲಿ 84ರ ಬೆಣ್ಣೆಯೂ ಸಿಗುತ್ತದೆ. ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುವುದರಿಂದ ನೀರಿನ ಪಾಲು ಹೆಚ್ಚು. ಸ್ವಲ್ಪ ನೀರು ಬೇಕೇ ಬೇಕು, ಏಕೆಂದರೆ ಒಲೆಯಲ್ಲಿ ಪದರಗಳನ್ನು ಎತ್ತುವುದು ಬೆಣ್ಣೆ ಮತ್ತು ಹಿಟ್ಟಿನ ನೀರು ಆವಿಯಾಗುವ ಒತ್ತಡ. ಆದರೆ ಅತಿಯಾದರೆ ಹಿಟ್ಟು ತೊಯ್ದು ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪರೀಕ್ಷೆ ಸುಲಭ: 100 ಗ್ರಾಂ ಬೆಣ್ಣೆ ಕಾಯಿಸಿ, ಸೋಸಿ, ತುಪ್ಪವನ್ನು ತೂಗಿ. 80 ಗ್ರಾಮಿಗಿಂತ ಕಡಿಮೆ ಬಂದರೆ ಆ ಬೆಣ್ಣೆಯನ್ನು ತಣ್ಣೀರಿನಲ್ಲಿ ಮೂರು ಸಲ ತೊಳೆದು, ನಾದಿ, ತೆಳುವಾದ ಬಟ್ಟೆಯಲ್ಲಿ ಹಿಂಡಿ ಮತ್ತೆ ಪರೀಕ್ಷಿಸಿ. ಎಮ್ಮೆ ಬೆಣ್ಣೆ ಹಸುವಿನ ಬೆಣ್ಣೆಗಿಂತ ತುಸು ತಡವಾಗಿ ಕರಗುತ್ತದೆ ಎಂಬುದು ತಮ್ಮ ಪಾಲಿನ ಲಾಭ. ಮೊಸರು ಕಡೆದ ಬೆಣ್ಣೆಯ ಹುಳಿಪರಿಮಳವನ್ನು ದೋಷವೆಂದು ತಿಳಿಯಬೇಡಿ. ಫ್ರಾನ್ಸಿನಲ್ಲೂ ಕೆನೆಯನ್ನು ಹುಳಿಸಿಯೇ ಕಡೆಯುವ ಪದ್ಧತಿಯಿದೆ. ಅಂಗಡಿಯ ಉಪ್ಪು ಬೆಣ್ಣೆಯನ್ನೇ ಬಳಸುವುದಾದರೆ ಹಿಟ್ಟಿನ ಉಪ್ಪನ್ನು ಅರ್ಧಕ್ಕಿಳಿಸಿ.

ಉಳಿದದ್ದು ಉಬ್ಬುವ ಹಂತ. ಈಸ್ಟ್‌ಗೆ ಬೆಚ್ಚಗೆ ಬೇಕು, ಬೆಣ್ಣೆಗೆ ತಣ್ಣಗೆ ಬೇಕು. ಇಬ್ಬರಿಗೂ ಒಪ್ಪುವ ಜಾಗ 24ರಿಂದ 26 ಡಿಗ್ರಿ. ನಾನು ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಟ್ಟೆಯನ್ನಿಟ್ಟು, ಮೂಲೆಯಲ್ಲಿ ಮಂಜುಗಟ್ಟಿದ ನೀರಿನ ಬಾಟಲಿ ನಿಲ್ಲಿಸಿ, ಥರ್ಮಾಮೀಟರ್ ನೋಡುತ್ತಾ ಬಾಟಲಿಯನ್ನು ಒಳಗೆ ಹೊರಗೆ ಮಾಡುತ್ತೇನೆ. ಕರೆಂಟು ಹೋದಾಗ ಮಡಿಸಿದ ಹಿಟ್ಟನ್ನು ಕಾಯುವುದಕ್ಕೂ ಅದೇ ಪೆಟ್ಟಿಗೆ, ಆಗ ಬಾಟಲಿ ನಾಲ್ಕು. ಈಸ್ಟ್ 10 ಗ್ರಾಂ ಬೇಡ, 6 ಸಾಕು. ನಸುಕಿನ ಐದು ಗಂಟೆಗೆ ಲಟ್ಟಿಸಲು ಕೂತರೆ ಅರ್ಧ ಜಗಳ ಮುಗಿಯುತ್ತದೆ. ಗ್ರಾನೈಟ್ ಕಟ್ಟೆಯ ಮೇಲೆ ಮಂಜುಗಡ್ಡೆಯ ತಟ್ಟೆಯನ್ನು ಕಾಲು ಗಂಟೆ ಇಟ್ಟು, ಒರೆಸಿ, ಅಲ್ಲಿ ಲಟ್ಟಿಸಿ. ಮೂರು ಪಟ್ಟು ಮಡಿಕೆಯನ್ನು ಮೂರು ಸಲ ಮಾಡಿದರೆ ಬೆಣ್ಣೆಯ 27 ಪದರಗಳಾಗುತ್ತವೆ. ಅದಕ್ಕಿಂತ ಹೆಚ್ಚಿನ ಆಸೆ ಬೇಡ. ಮೊಟ್ಟೆಯ ಬದಲು ಹಾಲಿಗೆ ಸ್ವಲ್ಪ ಕೆನೆ ಬೆರೆಸಿ ಸವರಿದರೆ ಬಣ್ಣ ಬರುತ್ತದೆ, ಮೊಟ್ಟೆಯ ಹೊಳಪು ಮಾತ್ರ ಬರುವುದಿಲ್ಲ.

ಶೇಂಗಾ ಪ್ರಿಯೆ (ಚಳ್ಳಕೆರೆ):

ಬೆಣ್ಣೆಯೊಡನೆ ಇಷ್ಟು ಹೆಣಗುವ ಬದಲು ತುಪ್ಪದ ಪದರದ ತಿನಿಸನ್ನೇ ಏಕೆ ಆರಿಸಬಾರದು? ಟರ್ಕಿಯ ಬಕ್ಲಾವಾದಲ್ಲಿ ಈಸ್ಟ್ ಇಲ್ಲ, ಉಬ್ಬಿಸುವ ಗೋಜಿಲ್ಲ, ತುಪ್ಪ ಕರಗಿದರೂ ಚಿಂತೆಯಿಲ್ಲ, ಕರಗಿಸಿಯೇ ಸವರುವುದು. ಚಿರೋಟಿ ಮಾಡಬಲ್ಲವರಿಗೆ ಕೈಚಳಕ ಅರ್ಧ ಬಂದಂತೆಯೇ. ಗಾಜಿಯಾನ್‌ಟೆಪ್ ನಗರದ ಬಕ್ಲಾವಾಕ್ಕೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿದೆ, ಅಲ್ಲಿ ಪಿಸ್ತಾ ಹಾಕುತ್ತಾರೆ. ನಾನು ನಮ್ಮೂರಿನ ಹುರಿದ ಶೇಂಗಾ ಹಾಕಿದೆ. ಬಿಸಿ ತಟ್ಟೆಯ ಮೇಲೆ ತಣ್ಣನೆಯ ಪಾಕ ಸುರಿಯಬೇಕು, ಎರಡೂ ಬಿಸಿಯಾಗಿದ್ದರೆ ಮೆತ್ತಗಾಗುತ್ತದೆ.

ದುರ್ಗದ ಮೇಷ್ಟ್ರು:

ಶೇಂಗಾ ಬಕ್ಲಾವಾ ನಾನೂ ತಿನ್ನಲು ಸಿದ್ಧ. ಆದರೆ ಕೇಳಿದವರು ಕ್ರೋಸಾಂಟ್ ಕೇಳಿದ್ದಾರೆ. ತುಪ್ಪ ಸುಲಭವೆಂಬ ಆಸೆಯಿಂದ ಯಾರೂ ಕ್ರೋಸಾಂಟ್‌ಗೆ ತುಪ್ಪ ಹಾಕಬೇಡಿ, ಅದರಲ್ಲಿ ನೀರಿಲ್ಲ. ಅದು ಹರಳುಗಟ್ಟಿ ಪುಡಿಯಾಗುತ್ತದೆ, ಹಾಳೆಯಂತೆ ಹರಡುವುದಿಲ್ಲ. ಚಿರೋಟಿಗೆ ತುಪ್ಪದೊಡನೆ ಅಕ್ಕಿ ಹಿಟ್ಟು ಕಲಸಿ ಸವರುವುದು ಅದು ಹರಿಯದೆ ಪದರದ ನಡುವೆ ನಿಲ್ಲಲಿ ಎಂದೇ.

ವಿದ್ಯಾನಗರದ ಒಲೆ:

ಗುರುಗಳಿಗೂ, ಬೇಕರಿಯ ಸಹೋದರರಿಗೂ, ಚಳ್ಳಕೆರೆಯ ತಂಗಿಗೂ ಧನ್ಯವಾದಗಳು. ಮೂರು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಏಕೆಂದರೆ ಮಾಡಿ ನೋಡದೆ ಬರೆಯಬಾರದೆಂದುಕೊಂಡೆ.

ಮನೆಯ ಬೆಣ್ಣೆ ಕಾಯಿಸಿದಾಗ 100 ಗ್ರಾಮಿಗೆ 74 ಗ್ರಾಂ ತುಪ್ಪ ಬಂತು. ತೊಳೆದು ಹಿಂಡಿದ ಮೇಲೆ 81. ತೊಳೆಯುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡರು. ನನ್ನ ಕೈ ಬಿಸಿಯೆಂದೂ, ಬೆಣ್ಣೆಗೆ ಆಗಿಬರುವುದಿಲ್ಲವೆಂದೂ ಅವರ ತೀರ್ಮಾನ. ನಸುಕಿನಲ್ಲಿ ನಮ್ಮ ಅಡುಗೆಮನೆ 22 ಡಿಗ್ರಿ ತೋರಿಸಿತು. ಮಡಿಕೆಗಳ ನಡುವೆ 30 ನಿಮಿಷ ಫ್ರಿಜ್ಜಿನಲ್ಲಿಟ್ಟೆ, ಪೆಟ್ಟಿಗೆಯಲ್ಲಿ 25 ಡಿಗ್ರಿಯಲ್ಲಿ ಎರಡೂವರೆ ಗಂಟೆ ಉಬ್ಬಿಸಿದೆ. ತಟ್ಟೆಯಲ್ಲಿ ಒಂದು ಹನಿ ಬೆಣ್ಣೆಯೂ ನಿಲ್ಲಲಿಲ್ಲ. ಓಟಿಜಿಯನ್ನು 200 ಡಿಗ್ರಿಗೆ ಕಾಯಿಸಿ ಎಂಟು ಕ್ರೋಸಾಂಟ್‌ಗಳನ್ನು ಒಟ್ಟಿಗೆ ಇಟ್ಟೆ. ಅಂಚಿನ ಐದರಲ್ಲಿ ಪದರಗಳು ಜೇನುಗೂಡಿನಂತೆ ಬಿಚ್ಚಿಕೊಂಡವು. ನಡುವಿನ ಮೂರು ಮೇಲೆ ಕಂದು ಬಣ್ಣಕ್ಕೆ ತಿರುಗಿದರೂ ಒಳಗೆ ಹಸಿಯಾಗಿಯೇ ಉಳಿದವು. ಇದಕ್ಕೆ ಕಾರಣವೇನಿರಬಹುದು?

ಪೇಟೆ ಬೇಕರಿಯವನು:

ಅಕ್ಕನವರೇ, ಮಾರ್ಗರಿನ್ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಓಟಿಜಿಯಂಥ ಚಿಕ್ಕ ಒಲೆಗೆ ಎಂಟು ಹೆಚ್ಚಾಯಿತು. ಬಿಸಿಗಾಳಿ ನಡುವಿನವನ್ನು ಮುಟ್ಟಲಿಲ್ಲ, ಮೇಲಿನ ಸರಳು ಮಾತ್ರ ಸುಟ್ಟಿತು. ಒಂದು ಸಲಕ್ಕೆ ನಾಲ್ಕೇ ಇಡಿ, ತಟ್ಟೆಯನ್ನು ಒಂದು ಅಂತಸ್ತು ಕೆಳಗಿಳಿಸಿ. 210 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಆಮೇಲೆ 180ಕ್ಕಿಳಿಸಿ ಹತ್ತರಿಂದ ಹನ್ನೆರಡು ನಿಮಿಷ ಬೇಯಿಸಿ. ಬಣ್ಣ ಬೇಗ ಬಂದರೆ ಮೇಲೆ ಫಾಯಿಲ್ ಮುಚ್ಚಿ. ಉಳಿದ ನಾಲ್ಕನ್ನು ಅಷ್ಟು ಹೊತ್ತು ಫ್ರಿಜ್ಜಿನಲ್ಲಿಡುವುದನ್ನು ಮರೆಯಬೇಡಿ, ಹೊರಗೆ ಬಿಟ್ಟರೆ ಮತ್ತೆ ಮೇ ತಿಂಗಳ ಕಥೆಯೇ ಆಗುತ್ತದೆ.